ಬಾಗಲವಾಡದ ಬಸವರಾಜನನ್ನು ಹುಡುಕಿದ ಹುಲಿಗೆಮ್ಮ ಸಿಸ್ಟರ್

ಹುಲಿಗೆಮ್ಮ ಸಿಸ್ಟರು ಕೆಮ್ಮನ್ನು ದಿನಗಳಲ್ಲಿ ಎಣಿಸುತ್ತಿರಲಿಲ್ಲ, ಸಂತೆಗಳಲ್ಲಿ ಎಣಿಸುತ್ತಿದ್ದರು.

ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರೆ ನಮ್ಮ ಮಾನ್ವಿ ಕಡೆಯ ಜನ ಮೇಲೆ ತಿರುಗುವ ಫ್ಯಾನು ನೋಡುತ್ತ "ಹಿಂಗ, ಸ್ವಲ್ಪ ದಿನ ಆತ್ರಿ" ಅನ್ನುತ್ತಾರೆ. ಅದೇ ಜನರನ್ನು ಹುಲಿಗೆಮ್ಮ ಸಿಸ್ಟರು "ಎಷ್ಟು ಸಂತಿ ಆತು?" ಎಂದು ಕೇಳಿದರೆ ಸಾಕು, ಸಾಕ್ಷಿ ಸಮೇತ ಉತ್ತರ ಬರುತ್ತಿತ್ತು. ಮೆಣಸಿನಕಾಯಿ ತಂದ ಸಂತೆಯಲ್ಲಿ ಕೆಮ್ಮು ಇರಲಿಲ್ಲ. ಅದರ ಮುಂದಿನ ಸಂತೆಯಲ್ಲಿ ಬಳೆ ಇಡಿಸಿಕೊಳ್ಳುವಾಗ ಬಳೆಗಾರ್ತಿ ಮುಖಕ್ಕೆ ಕೆಮ್ಮಬೇಡ ಎಂದು ಬೈದಿದ್ದಳು. ಆಮೇಲೆ ಕುರಿ ಮಾರಿದ್ದು, ಆಮೇಲೆ ಇವತ್ತು. ಹಾಗಾದರೆ ಮೂರು ಸಂತೆ ಆಯಿತು. ಎರಡು ಸಂತೆ ದಾಟಿದ ಯಾವ ಕೆಮ್ಮನ್ನೂ ಅವರು ಸುಮ್ಮನೆ ಮನೆಗೆ ಹೋಗಲು ಬಿಡುತ್ತಿರಲಿಲ್ಲ. ಚೀಲದಿಂದ ಮುಚ್ಚಳದ ಸಣ್ಣ ಡಬ್ಬಿ ತೆಗೆದು ಕೈಗಿಟ್ಟು, ಬೆಳಿಗ್ಗೆ ಎದ್ದ ಕೂಡಲೆ ಎದೆಯ ಆಳದಿಂದ ಕೆಮ್ಮಿ ಕಫ ಹಾಕಿ ತನ್ನಿ ಎನ್ನುವರು. ಬರೀ ಉಗುಳು ತಂದವರನ್ನು ಬೈಯದೆ ಇನ್ನೊಂದು ಡಬ್ಬಿ ಕೊಡುವರು.

ಸರ್ಕಾರದ ಕ್ಷಯರೋಗದ ಕೆಲಸದಲ್ಲಿ ಗುತ್ತಿಗೆಯ ಮೇಲಿದ್ದ ಹೆಣ್ಣುಮಗಳು. ಊರು ನೀರಮಾನ್ವಿ. ಅವರ ತಾಯಿ ಹತ್ತಿ ಮಿಲ್ಲಿನಲ್ಲಿ ಕೂಲಿ ಮಾಡಿ ಮೂವರು ಮಕ್ಕಳನ್ನು ಓದಿಸಿದವರು. ವಯಸ್ಸು ಮೂವತ್ತೈದು ಇದ್ದೀತು. ಸೀಟು ಹರಿದ ಒಂದು ಸ್ಕೂಟಿ, ಅದರ ಹಿಂದೆ ಕಫದ ಡಬ್ಬಿಗಳನ್ನು ತಣ್ಣಗಿಡುವ ಐಸ್ ಡಬ್ಬಿ. ಊರೂರು ತಿರುಗಿ ಬಂದು ಮಧ್ಯಾಹ್ನ ನನ್ನ ಮೆಡಿಕಲ್ ಶಾಪಿನ ಮುಂದಿನ ಪರಸಿಕಲ್ಲಿನ ಕಟ್ಟೆಯ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಅದು ನನ್ನ ಅಂಗಡಿಯ ನೆರಳು. ಅಲ್ಲಿಂದಲೇ ನನ್ನ ತೊಂದರೆ ಶುರುವಾದದ್ದು.

ನಾನು ಫಾರ್ಮಸಿ ಡಿಪ್ಲೊಮಾ ಮಾಡಿದವನು. ಅದರ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ರೊಕ್ಕ ಎಣಿಸುವ ಗಲ್ಲೆಯ ಮೇಲೆ ತೂಗುಹಾಕಿದ್ದೇನೆ. ಇಪ್ಪತ್ತೆರಡು ವರ್ಷದಿಂದ ಮಾನ್ವಿ ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಕೆಮ್ಮಿದವರು ಮೊದಲು ಬರುವುದು ನನ್ನ ಹತ್ತಿರ. ಒಣ ಕೆಮ್ಮಿಗೆ ಕೆಂಪು ಸಿರಪ್ಪು, ಕಫದ ಕೆಮ್ಮಿಗೆ ಹಸಿರು ಸಿರಪ್ಪು, ಗಂಟಲು ಕೆರೆದರೆ ಚಪ್ಪರಿಸುವ ಗುಳಿಗೆ. ಕೇಳುವುದು ಒಂದೇ ಪ್ರಶ್ನೆ, "ಸಣ್ಣದೋ ದೊಡ್ಡದೋ?" ಬಾಟಲಿಯ ಬಗ್ಗೆ. ಇಂಥ ನನ್ನ ಅಂಗಡಿಯ ಮುಂದೆ ಕೂತು, ರೊಟ್ಟಿ ಮುರಿಯುತ್ತ, ಕೆಮ್ಮುತ್ತ ಬಂದವರನ್ನು ಈ ಹೆಂಗಸು ನಾಲ್ಕು ಮೆಟ್ಟಿಲು ಕೆಳಗೇ ತಡೆದುಬಿಡುತ್ತಿದ್ದರು. ತಡೆಯುವುದೆಂದರೆ ಕೈ ಅಡ್ಡ ಹಾಕುತ್ತಿರಲಿಲ್ಲ. ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ಆ ಕೆಮ್ಮನ್ನು ಹಾಡು ಕೇಳಿದ ಹಾಗೆ ಕೇಳುವರು, ಅಷ್ಟೆ. ಹಾಗೆ ಕೇಳಿಸಿಕೊಂಡವರು ತಾವೇ ನಿಂತುಬಿಡುತ್ತಿದ್ದರು. ಅವರ ಕೆಮ್ಮನ್ನು ಅಷ್ಟು ಮರ್ಯಾದೆಯಿಂದ ಈವರೆಗೆ ಯಾರೂ ಕೇಳಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗದೆ ಇನ್ನೇನಾದೀತು?

"ಕೆಮ್ಮು ಸುಮ್ನ ಬರಂಗಿಲ್ರಿ, ಏನರ ಹೇಳಾಕ ಬಂದಿರ್ತದ," ಎನ್ನುವುದು ಅವರ ಮಾತು. ಒಲೆಯ ಮುಂದೆ ಬರುತ್ತದೋ, ಮಿಲ್ಲಿನಲ್ಲಿ ಬರುತ್ತದೋ, ಮಲಗಿದರೆ ಬರುತ್ತದೋ, ಉಂಡ ಮೇಲೆ ಬರುತ್ತದೋ, ಬೀಡಿ ಎಷ್ಟು, ಬೆವರು ಬರುತ್ತದೋ, ರವಿಕೆ ಸಡಿಲಾಗಿದೆಯೋ, ಎಲ್ಲ ಕೇಳುವರು. ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರಿಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ನೋಡಿ ಎನ್ನುವರು, ಉಬ್ಬಸದವರನ್ನು ಡಾಕ್ಟರ ಕಡೆಗೆ ಕಳಿಸುವರು. ಎಲ್ಲಾ ಕೆಮ್ಮೂ ಕ್ಷಯ ಅಲ್ಲ ಎಂದು ಅವರು ಹೇಳಿದಷ್ಟು ಸಲ ಯಾವ ಕ್ಷಯದ ಸಿಸ್ಟರೂ ಹೇಳಿರಲಾರರು.

ಒಂದು ದಿನ ರಿಟೈರಾದ ಮಾಸ್ತರರೊಬ್ಬರು ಬಂದರು. ಅವರಿಗೆ ಐದಾರು ತಿಂಗಳಿಂದ ಒಣ ಕೆಮ್ಮು, ಗಂಟಲು ಒಳಗಿಂದ ಯಾರೋ ಗರಿ ಆಡಿಸಿದ ಹಾಗೆ ಕೆರೆತ. ಕಫದ ಪರೀಕ್ಷೆ, ಎಕ್ಸ್‌ರೇ ಎಲ್ಲ ಚೊಕ್ಕ. ನನ್ನ ಕೆಂಪು ಸಿರಪ್ಪಿನ ಖಾಯಂ ಗಿರಾಕಿ. ಸಿಸ್ಟರು ಕೇಳಿದ್ದು ಒಂದೇ, "ಸರ, ನಿಮ್ಮ ಗುಳಗಿ ಚೀಲ ತೋರಿಸ್ರಿ." ಮಾಸ್ತರರು ತೋರಿಸಿದರು. ಅದರಲ್ಲಿ ಬೀಪಿಯ ಒಂದು ಮಾತ್ರೆ ಇತ್ತು. ಇದನ್ನು ಶುರು ಮಾಡಿದ್ದು ಕೆಮ್ಮಿಗಿಂತ ಮುಂಚೆಯೋ ಆಮೇಲೋ ಎಂದು ವಿಚಾರಿಸಿ, ನೀವಾಗಿ ನಿಲ್ಲಿಸಬೇಡಿ, ಈ ಮಾತ್ರೆ ಕೆಲವರಿಗೆ ಕೆಮ್ಮು ತರುತ್ತದಂತೆ, ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ ಎಂದರು. ಡಾಕ್ಟರು ಬದಲಿಸಿದರು. ಮುಂದಿನ ತಿಂಗಳು ಮಾಸ್ತರರು ಗಂಟಲು ಸ್ವಚ್ಛ ಮಾಡಿಕೊಂಡು ನನ್ನ ಅಂಗಡಿಯ ಮುಂದೆ ನಿಂತು ಹುಲಿಗೆಮ್ಮನನ್ನು ಹೊಗಳಿದರು. ಆ ಮಾತ್ರೆ ಕೆಮ್ಮು ತರುತ್ತದೆಂದು ಡಿಪ್ಲೊಮಾದ ಎರಡನೆಯ ವರ್ಷ ನಾನು ಬಾಯಿಪಾಠ ಮಾಡಿದ್ದೆ. ಕೆಮ್ಮು ತರುವ ಮಾತ್ರೆಯನ್ನೂ ಕೆಮ್ಮು ನಿಲ್ಲಿಸುವ ಸಿರಪ್ಪನ್ನೂ ತಿಂಗಳು ತಿಂಗಳು ಒಂದೇ ಪೊಟ್ಟಣದಲ್ಲಿ ಹಾಕಿ, ಮೇಲೆ ರಬ್ಬರು ಬಿಗಿದು ಕೊಟ್ಟವನು ನಾನೇ.

ಅದನ್ನಾದರೂ ನುಂಗಿಕೊಂಡೇನು. ಆದರೆ ನನ್ನ ಹೆಂಡತಿ ಶಾಂತಾ, ಮೆಡಿಕಲ್ ಶಾಪಿನವನ ಹೆಂಡತಿ, ತನ್ನ ಗಂಟಲುನೋವನ್ನು ಹೋಗಿ ಆ ಕಟ್ಟೆಯ ಮೇಲೆ ಬಿಚ್ಚಿಟ್ಟಳು. ದಿನಾ ಬೆಳಿಗ್ಗೆ ಅವಳ ಗಂಟಲು ಉರಿಯುತ್ತಿತ್ತು, ದನಿ ಒಡೆದಿರುತ್ತಿತ್ತು. ನಾನು ಎರಡು ಸಲ ಆ್ಯಂಟಿಬಯಾಟಿಕ್ ತಿನ್ನಿಸಿದ್ದೆ. ಸಿಸ್ಟರು ಅವಳನ್ನು, ಯಕ್ಕಾ ಉಂಡ ಕೂಡಲೆ ಅಡ್ಡಾಗ್ತೀರೇನು ಎಂದು ಕೇಳಿದರಂತೆ. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವಳು, ಉಂಡ ತಾಟು ಸರಿಸಿ ಅಲ್ಲೇ ತಲೆಯಿಡುವವಳು. ಹೊಟ್ಟೆಯ ಹುಳಿ ಗಂಟಲಿಗೆ ಬರುತ್ತಿರಬಹುದು, ಬೇಗ ಉಣ್ಣಿ, ಉಂಡು ಎರಡು ತಾಸು ಕೂತಿರಿ, ಮಿರ್ಚಿ ಬಜಿ ಸ್ವಲ್ಪ ಬಿಡಿ, ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ ಎಂದರಂತೆ. ಹದಿನೈದು ದಿನದಲ್ಲಿ ಗಂಟಲು ನೆಟ್ಟಗಾಯಿತು. ಆ ನೆಟ್ಟಗಾದ ದನಿಯಲ್ಲೇ ಶಾಂತಾ ನನಗೆ ಹೇಳಿದಳು, "ಆಕಿ ಕೇಳ್ತಾಳ್ರಿ. ನೀವು ಕೊಡ್ತೀರಿ."

ಈ ಹೊತ್ತಿಗೆ ನನಗೂ ಕೆಮ್ಮು ಹತ್ತಿತ್ತು.

ನಾನು ಹುಟ್ಟಿನಿಂದ ಚಿಂತೆಯ ಮನುಷ್ಯ. ಉಗುರು ಬಿಳಿಯಾದರೆ ಕಿಡ್ನಿ, ಕಾಲು ಜುಮ್ಮೆಂದರೆ ಪಾರ್ಶ್ವವಾಯು. ಕೆಮ್ಮಿಗಂತೂ ದಿನಕ್ಕೊಂದು ಕಾರಣ ಕಟ್ಟಿದೆ. ಪಕ್ಕದ ರೈಸ್ ಮಿಲ್ಲಿನ ತೌಡಿನ ಧೂಳು ಎಂದು ಮಾಸ್ಕು ಹಾಕಿದೆ. ಲಕ್ಷ್ಮಿಯ ಫೋಟೋದ ಮುಂದೆ ಹಚ್ಚುವ ಊದುಬತ್ತಿ ಎಂದು ಬಿಟ್ಟೆ. ನಮ್ಮವ್ವ ಅದಕ್ಕೇ ವ್ಯಾಪಾರ ಇಳಿದದ್ದು ಎಂದಳು. ಮಾಸ್ತರರದೇ ಬೀಪಿ ಮಾತ್ರೆ ನನಗೂ ಇತ್ತು, ಅದೇ ಇರಬೇಕೆಂದು ಹಿಗ್ಗಿ ಡಾಕ್ಟರಿಂದ ಬದಲಿಸಿಕೊಂಡೆ. ಕೆಮ್ಮು ಬದಲಾಗಲಿಲ್ಲ. ನನ್ನ ಅಂಗಡಿಯ ಎಲ್ಲ ಬಣ್ಣದ ಸಿರಪ್ಪುಗಳನ್ನೂ ಕುಡಿದು, ಗಿರಾಕಿಗಳ ಮೇಲೆ ಮೊದಲ ಸಲ ಕನಿಕರ ಬಂತು. ಕಡೆಗೆ ಉಳಿದದ್ದು ಕ್ಯಾನ್ಸರು. ಅದನ್ನು ಫೋನಿನಲ್ಲಿ ಓದಿ ಓದಿ ಗಂಟಲೊಳಗೆ ಟಾರ್ಚು ಬಿಟ್ಟು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದೆ. ಕೆಮ್ಮಿ ಕೆಮ್ಮಿ ಗಂಟಲು ಹುಣ್ಣಾದಂತಿತ್ತು. ಪ್ಯಾಂಟಿಗೆ ಬೆಲ್ಟಿನ ಹೊಸ ತೂತು ಬೇಕಾಯಿತು. ಶಾಂತಾಗೆ ಅದು ಸಕ್ಕರೆ ಬಿಟ್ಟದ್ದರ ಫಲ ಎಂದೆ.

ಕಟ್ಟೆಯ ಮೇಲೆ ದಿನಾ ಒಂದು ತಾಸು ಕೂತು ಬುತ್ತಿ ಉಣ್ಣುವವರನ್ನು ಮಾತ್ರ ಕೇಳಲಿಲ್ಲ. ಅವರು ಬಂದದ್ದು ಕಂಡರೆ ಲವಂಗ ಬಾಯಿಗೆ ಹಾಕಿ ಉಸಿರು ಬಿಗಿಹಿಡಿಯುತ್ತಿದ್ದೆ. ತಡೆಯದಾದರೆ ಒಳಗಿನ ಗೋಡೌನಿಗೆ ಓಡಿ ಡಯಾಪರಿನ ರಟ್ಟಿನ ಡಬ್ಬಿಗಳ ನಡುವೆ ಮುಖ ಹುದುಗಿಸಿ ಕೆಮ್ಮುವುದು. ಒಮ್ಮೆ ಹೊರಗೆ ಬಂದಾಗ ಸಿಸ್ಟರು ತಲೆ ಓರೆ ಮಾಡಿ ಒಂದು ಕಣ್ಣು ಮುಚ್ಚಿದ್ದರು. "ಏನ್ರಿ ವೀರೇಶಣ್ಣ, ಒಳಗ ಯಾರರ ಅದಾರೇನು?" ಎಂದರು.

"ಇಲ್ರಿ, ಡಬ್ಬಿ ಬಿತ್ತು," ಎಂದೆ.

ರಾಯಚೂರಿಗೆ ಹೋಗಿ ಗಂಟಲಿನ ಡಾಕ್ಟರಿಗೆ ತೋರಿಸಿದೆ. ಮನೆಯಲ್ಲಿ ಮಾಲು ತರಲು ಎಂದು ಹೇಳಿದ್ದೆ. ಅವರು ಕೊಳವೆ ಬಿಟ್ಟು ನೋಡಿ, ಗಂಟಲಲ್ಲಿ ಗಂಟಿಲ್ಲ, ಗಡ್ಡೆಯಿಲ್ಲ, ಇದು ಎದೆಯಿಂದ ಬರುತ್ತಿರುವ ಕೆಮ್ಮು, ಎಕ್ಸ್‌ರೇ ಮತ್ತು ಕಫದ ಪರೀಕ್ಷೆ ಮಾಡಿಸಿ ಎಂದು ಬರೆದುಕೊಟ್ಟರು. ಕ್ಯಾನ್ಸರಿಲ್ಲ ಎಂಬ ಸಂತೋಷ ಮೆಟ್ಟಿಲು ಇಳಿಯುವ ತನಕ ಇತ್ತು. ಕಫದ ಪರೀಕ್ಷೆ ಮಾನ್ವಿಯಲ್ಲಾದರೆ ಆ ಡಬ್ಬಿ ಯಾರ ಕೈಯಿಂದ ಬರಬೇಕು ಎಂಬುದು ಬೀದಿಗೆ ಬಂದ ಮೇಲೆ ಹೊಳೆಯಿತು.

ದೇವದುರ್ಗದಲ್ಲಿ ತಪಾಸಣೆಯ ಶಿಬಿರ ಇದೆ ಎಂದು ಪೇಪರಿನಲ್ಲಿ ಬಂದಿತ್ತು. ಅಲ್ಲಿ ನನ್ನ ಗುರುತಿನವರು ಯಾರಿಲ್ಲ. ಹೋದೆ. ಟೇಬಲ್ಲಿನ ಹುಡುಗಿ "ಉಗುಳು ಬ್ಯಾಡ್ರಿ ಯಪ್ಪಾ, ಎದಿಯಾಗಿಂದ ಬರ್ಲಿ" ಎಂದು ನನಗೇ ಪಾಠ ಹೇಳಿದಳು. ಕಫ ಕೊಟ್ಟೆ. ಹೆಸರು ಕೇಳಿದಳು. ಬರುವಾಗ ಬಸ್ಸಿನಲ್ಲಿ ನೂರು ಸಲ ಯೋಚಿಸಿದ್ದೆ, ಆದರೆ ಹೆಸರಿನ ತನಕ ಯೋಚನೆ ಬಂದಿರಲಿಲ್ಲ. "ಬಸವರಾಜ" ಎಂದೆ. ನಮ್ಮ ಜಿಲ್ಲೆಯ ಬಸ್ಸಿನಲ್ಲಿ ಬಸವರಾಜ ಎಂದು ಕೂಗಿದರೆ ಮೂರು ಸೀಟಿಗೊಬ್ಬ ತಿರುಗುತ್ತಾನೆ, ಅಂಥಲ್ಲಿ ಅಡಗುವುದು ಸುಲಭ ಎನಿಸಿತು. ಊರು? ಹಿಂದಿನ ದಿನದ ಕಡೆಯ ಗಿರಾಕಿ ಬಾಗಲವಾಡದವರು. "ಬಾಗಲವಾಡ, ಮಾನ್ವಿ ತಾಲೂಕು." ಫೋನು ನಂಬರಿನ ಕಡೆಯ ಅಂಕಿ ಬದಲಿಸಿದೆ. ವಾರ ಬಿಟ್ಟು ನಾನೇ ಬಂದು ರಿಪೋರ್ಟು ಕೇಳಿದರಾಯಿತು ಎಂದು ಹೊರಬಿದ್ದೆ. ಬಹಳ ಜಾಣತನ ಮಾಡಿದ ಸಮಾಧಾನದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಮಂಡಾಳ ಒಗ್ಗರಣಿ ತಿಂದೆ.

ವಾರ ತುಂಬುವುದರೊಳಗೆ, ನಾಲ್ಕನೆಯ ದಿನ ಮಧ್ಯಾಹ್ನ ಸಿಸ್ಟರು ಸ್ಕೂಟಿ ನಿಲ್ಲಿಸಿ ಕಟ್ಟೆಗೆ ಬರದೆ ನೇರ ಅಂಗಡಿಯ ಮೆಟ್ಟಿಲು ಹತ್ತಿದರು. ಬುತ್ತಿ ಬಿಚ್ಚಿರಲಿಲ್ಲ. ಬಾಗಲವಾಡದ ಕಡೆಯಿಂದ ಬಸವರಾಜ ಅನ್ನುವವನು ಯಾರಾದರೂ ಕೆಮ್ಮಿನ ಔಷಧಿ ಒಯ್ಯುತ್ತಾನೇನು ಎಂದು ಕೇಳಿದರು. ಯಾಕೆ ಎಂದೆ.

"ದೇವದುರ್ಗದಾಗ ಕಫ ಕೊಟ್ಟಾನ್ರಿ. ಕ್ಷಯ ಬಂದದ, ನಮ್ಮ ತಾಲೂಕು ಅಂತ ನನಗ ತಿಳಿಸ್ಯಾರ. ಫೋನ್ ಹಚ್ಚಿದ್ರ ಸಿಂಧನೂರಿನ ಯಾರೋ ಅಜ್ಜಿ ಎತ್ತತಾಳ."

ನನಗೆ ಕ್ಷಯ ಇದೆ ಎಂಬುದನ್ನು ನಾನು ತಿಳಿದದ್ದು ಹೀಗೆ, ಇನ್ನೊಬ್ಬನ ಸುದ್ದಿಯಾಗಿ, ಗಲ್ಲೆಯ ಆಚೆ ನಿಂತು. ಕೈಯಲ್ಲಿದ್ದ ಗುಳಿಗೆಯ ಹಾಳೆ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳುವ ನೆಪದಲ್ಲಿ ಸ್ವಲ್ಪ ಹೊತ್ತು ಗಲ್ಲೆಯ ಕೆಳಗೇ ಕೂತೆ. ಮೇಲಿನಿಂದ ಅವರ ದನಿ ಬರುತ್ತಿತ್ತು: ಪಾಪ, ಹೆದರಿ ಎಲ್ಲಿ ಕೂತು ಕೆಮ್ಮುತ್ತಿದ್ದಾನೋ, ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಏನು ಗತಿ, ಗುಳಿಗೆ ಶುರು ಮಾಡಿದರೆ ಗುಣವಾಗುವ ಕಾಯಿಲೆ, ಹೇಳುವವರು ಯಾರು ಅವನಿಗೆ. ಎದ್ದು ನಿಂತು "ಗೊತ್ತಿಲ್ರಿ" ಎಂದೆ.

ಆ ವಾರ ಹುಲಿಗೆಮ್ಮ ಸಿಸ್ಟರು ಬಾಗಲವಾಡದಲ್ಲಿ ಬಸವರಾಜರನ್ನು ಹುಡುಕಿದರು. ದಿನಾ ಬಿಸಿಲಲ್ಲಿ ಹೋಗಿ, ದಿನಾ ಬಂದು ನನಗೇ ವರದಿ ಒಪ್ಪಿಸುವರು. ಒಬ್ಬ ಬಸವರಾಜ ಹತ್ತಿ ಹೊಲದಲ್ಲಿ ಸಿಕ್ಕ, ಒಬ್ಬ ಟ್ರ್ಯಾಕ್ಟರಿನ ಕೆಳಗೆ. ಯಾರಿಗೂ ಕೆಮ್ಮಿಲ್ಲ. ಇದ್ದರೂ ಇಲ್ಲ ಎನ್ನುತ್ತಾರೆಂದು ಎಲ್ಲರಿಗೂ ಡಬ್ಬಿ ಕೊಟ್ಟರು. ಬುತ್ತಿಯ ರೊಟ್ಟಿ ಒಣಗುತ್ತಿತ್ತು, ಅವರಿಗೆ ಆ ಬಸವರಾಜನದೇ ಧ್ಯಾನ. ನಾನು ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ನನಗೆ ಆ ಬಸವರಾಜನ ಮೇಲೂ ಹೊಟ್ಟೆಕಿಚ್ಚು ಹತ್ತಿಕೊಂಡಿತು. ಹುಟ್ಟದೇ ಇದ್ದ ಮನುಷ್ಯ, ನಾನೇ ಮೂರು ಸೆಕೆಂಡಿನಲ್ಲಿ ಮಾಡಿದವನು. ಅವನಿಗಾಗಿ ಒಬ್ಬರು ಊರೆಲ್ಲ ಅಲೆಯುತ್ತಿದ್ದಾರೆ. ನಾನು ಇಲ್ಲಿ ಮೂರು ಮಾರು ದೂರದಲ್ಲಿ ಅದೇ ಕಫ ಎದೆಯಲ್ಲಿಟ್ಟುಕೊಂಡು ನಿಂತರೆ "ಚಾ ಆತೇನ್ರಿ ವೀರೇಶಣ್ಣ" ಎಂದು ಕೇಳುವರು, ಅಷ್ಟೆ.

ಶುಕ್ರವಾರ ಬಂದಾಗ ಅವರ ಮುಖ ಸಣ್ಣದಾಗಿತ್ತು. ಬಾಗಲವಾಡದಲ್ಲಿ ಚಹದ ಹೋಟೆಲು ಇಟ್ಟಿರುವ ಒಬ್ಬ ಬಸವರಾಜ ಇದ್ದಾನೆ. ಇವರು ಅವನ ಹೋಟೆಲಿಗೆ ಹೋಗಿ ಪಕ್ಕಕ್ಕೆ ಕರೆದು ಮಾತಾಡಿದ್ದನ್ನು ಯಾರೋ ನೋಡಿದ್ದಾರೆ. ಅವನಿಗೇ ಕ್ಷಯ ಎಂದು ಊರಲ್ಲಿ ಹಬ್ಬಿದೆ. ಎರಡು ದಿನದಿಂದ ಅಲ್ಲಿ ಯಾರೂ ಚಹಾ ಕುಡಿಯುತ್ತಿಲ್ಲ. ಅವನ ಹೆಂಡತಿ ಹಾಲಿನ ಪಾತ್ರೆ ಮುಂದೆ ಕೂತು ಅತ್ತಳಂತೆ.

"ನನ್ನಿಂದ ಆತಲ್ರಿ ಇದು," ಎಂದರು. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. "ನನ್ನ ಅವ್ವಗ ಆರು ತಿಂಗಳ ಬರೇ ಸಿರಪ್ ಕೊಟ್ಟು ಕಳಿಸಿದ್ರು, ಯಾರೂ ಏನೂ ಕೇಳಲಿಲ್ಲ. ಮಿಲ್ಲಿನ ಧೂಳು ಆಕಿ ಎದಿ ಹಾಳು ಮಾಡಿತ್ತು. ಕೇಳಬೇಕು ಅಂತ ನಾ ಈ ಕೆಲಸಕ್ಕ ಬಂದೀನಿ. ಈಗ ಕೇಳಿದ್ದಕ್ಕ ಒಬ್ಬಂವನ ಹೊಟ್ಟಿ ಮ್ಯಾಲ ಪೆಟ್ಟು ಬಂತು."

ಆರು ತಿಂಗಳು ಸಿರಪ್ಪು ಕೊಟ್ಟ ಅಂಗಡಿ ಯಾವುದೆಂದು ಅವರು ಹೇಳಲಿಲ್ಲ. ನಾನು ಕೇಳಲಿಲ್ಲ.

"ಸಿಸ್ಟರ್, ಬಸವರಾಜ ಸಿಕ್ಕಾನ್ರಿ," ಎಂದೆ.

"ಎಲ್ಲಿ?"

"ಇಲ್ಲೇ."

ಅವರು ರಸ್ತೆ ನೋಡಿದರು, ಕಟ್ಟೆ ನೋಡಿದರು, ನನ್ನ ಬೆನ್ನ ಹಿಂದೆ ಅಂಗಡಿಯೊಳಗೆ ನೋಡಿದರು. ಮುಂದಿನ ಮಾತಿಗೆ ನಾನು ಬಾಯಿ ತೆರೆದೆ. ವಾರಗಟ್ಟಲೆ ಅವರ ಮುಂದೆ ಅಮುಕಿಟ್ಟ ಕೆಮ್ಮು ಮೊದಲು ಬಂತು. ನಿಲ್ಲಲೇ ಇಲ್ಲ. ಗಲ್ಲೆ ಹಿಡಿದುಕೊಂಡು ಕೆಮ್ಮಿದೆ. ಅವರು ಹಿಂದೆ ಸರಿಯದೆ ತಮ್ಮ ಚೀಲದಿಂದ ಒಂದು ಮಾಸ್ಕು ತೆಗೆದು ನನಗೆ ಕೊಟ್ಟರು, ಆಮೇಲೆ ತಾವೊಂದು ಹಾಕಿಕೊಂಡರು. ಕೆಮ್ಮು ಅಡಗುವ ತನಕ ಕಾದರು.

"ಏಳು ಮಂದಿ ಬಸವರಾಜರ ಕಫ ತಂದೀನ್ರಿ ವೀರೇಶಣ್ಣ," ಎಂದರು ಕಡೆಗೆ. "ಅದರಾಗ ಒಬ್ಬಂವ ಮದಿಮಗ. ಅರಿಷಿಣ ಹಚ್ಚಿ ಕುಂದ್ರಿಸಿದ್ರು. ಅಂಥಾವನ್ನ ಎಬ್ಬಿಸಿ ಕೆಮ್ಮಿಸೀನಿ."

ನಾನು ಮಾಸ್ಕನ್ನು ಕಣ್ಣಿನ ತನಕ ಎಳೆದುಕೊಂಡೆ.

"ದಿನಾ ಇಲ್ಲೇ ಕುಂದಿರ್ತಿದ್ದೆ. ನನಗ್ಯಾಕ ಹೇಳ್ಲಿಲ್ರಿ?"

ಸುಳ್ಳು ಹೇಳುವಷ್ಟು ಉಸಿರು ಉಳಿದಿರಲಿಲ್ಲ. "ನಿಮ್ಮ ಮ್ಯಾಲ ಹೊಟ್ಟಿಕಿಚ್ಚು ಇತ್ರಿ," ಎಂದೆ.

"ನನ್ನ ಮ್ಯಾಲ?" ತಮ್ಮ ಸವೆದ ಚಪ್ಪಲಿ, ಬಿಸಿಲಲ್ಲಿ ನಿಂತ ಹರಿದ ಸೀಟಿನ ಸ್ಕೂಟಿ, ಎರಡನ್ನೂ ಒಮ್ಮೆ ನೋಡಿಕೊಂಡರು. "ನನ್ನ ಹಂತ್ಯಾಕ ಏನದ್ರಿ, ಹೊಟ್ಟಿಕಿಚ್ಚು ಪಡಾಕ?"

ಆಮೇಲೆ ದನಿ ಇಳಿಸಿ, ಎಲ್ಲರಿಗೂ ಕೇಳುವ ಹಾಗೆಯೇ ಕೇಳಿದರು: "ಮನ್ಯಾಗ ಯಾರ್ಯಾರು ಅದಾರ?"

ಶಾಂತಾ, ಪಿಯುಸಿ ಓದುವ ಮಗಳು, ಎಂಬತ್ತು ಮುಟ್ಟಿದ ಅವ್ವ. ಒಬ್ಬೊಬ್ಬರದೇ ಹೆಸರು ಹೇಳಿದೆ. ಜಗತ್ತಿನ ಎಲ್ಲ ರೋಗಕ್ಕೂ ಹೆದರಿದವನು, ನನ್ನ ರೋಗ ಇನ್ನೊಬ್ಬರಿಗೆ ಹೋದೀತೆಂದು ಮಾತ್ರ ಒಂದು ದಿನವೂ ಹೆದರಿರಲಿಲ್ಲ. ಮೂವರನ್ನೂ ಪರೀಕ್ಷೆ ಮಾಡಿಸಿದರು. ಯಾರಿಗೂ ತಗಲಿರಲಿಲ್ಲ, ತಗಲದಿರಲೆಂದು ಡಾಕ್ಟರು ಅವರಿಗೂ ಗುಳಿಗೆ ಕೊಟ್ಟರು. ಶಾಂತಾ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ, ಹೆಸರು ಇಟ್ಟುಕೊಳ್ಳಬೇಕೆಂದರೆ ಬೇರೆ ಯಾವುದಾದರೂ ಚಂದದ ಹೆಸರು ಸಿಗಲಿಲ್ಲವೇ ಎಂದು ಕೇಳಿದಳು. ಅಂದರೆ ಕ್ಷಮಿಸಿದ್ದಳು.

ಬಾಗಲವಾಡಕ್ಕೆ ಸಿಸ್ಟರು ಮರುದಿನವೇ ಹೋದರು. ಹೋಟೆಲಿನ ಮುಂದಿನ ಬೆಂಚಿನ ಮೇಲೆ ಕೂತು ಎರಡು ಕಪ್ಪು ಚಹಾ ಕುಡಿದು, ಕಾಯಿಲೆಯವನು ಸಿಕ್ಕಿದ್ದಾನೆ, ಈ ಊರಿನವನೇ ಅಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದರಂತೆ. ಯಾರು ಎಂದು ಜನ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನನ್ನಿಂದ ಇನ್ನು ಹರಡುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಾನೂ ಹೋದೆ. ಹೋಟೆಲಿನ ಬಸವರಾಜ ಚಹಾ ಕೊಡುತ್ತ, "ಆ ಮಗ ಯಾರಂತ ಗೊತ್ತಾದ್ರ ಸಾಕ್ರಿ ಯಣ್ಣಾ" ಎಂದ. ಹೇಳಬೇಕೆಂದೇ ಹೋಗಿದ್ದೆ. ಮಿರ್ಚಿ ಬಜಿ ಕೊಡು ಎಂದಷ್ಟೇ ಹೇಳಿ, ತಿಂದು ಬಂದೆ.

ಆರು ತಿಂಗಳು ಗುಳಿಗೆ. ಮೊದಲ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಗೊತ್ತಿದ್ದೂ, ನೂರಾರು ಜನಕ್ಕೆ ಹೆದರಬೇಡಿ ಎಂದು ಹೇಳಿದ್ದೂ, ಬಚ್ಚಲಿನಿಂದಲೇ ಸಿಸ್ಟರಿಗೆ ಫೋನು ಮಾಡಿದೆ. ಅವರು ನಗಲಿಲ್ಲ. ಮೊದಮೊದಲು ದಿನಾ, ಆಮೇಲೆ ವಾರಕ್ಕೊಮ್ಮೆ ಬಂದು ನೋಡುವರು. ಗಿರಾಕಿಗಳು ಇದ್ದರೆ ಏನೋ ಬೇರೆ ಕೆಲಸಕ್ಕೆ ಬಂದವರಂತೆ ನಿಲ್ಲುವರು. ಈಗ ಅವರು ತಲೆ ಓರೆ ಮಾಡಿ ಕಣ್ಣು ಮುಚ್ಚಿ ಕೇಳುವುದು ನನ್ನ ಎದೆಯನ್ನು. ಇನ್ನಾದರೂ ಹೊಟ್ಟೆಕಿಚ್ಚು ಆರಬೇಕಿತ್ತಲ್ಲ. ಒಂದು ದಿನವೂ ತಪ್ಪಿಸದೆ, ಗಡಿಯಾರ ನೋಡಿ ಗುಳಿಗೆ ತಿಂದು ಶಭಾಸ್‌ಗಿರಿಗೆ ಕಾದೆ. ಅವರು ಬಂದು ಹೊಗಳಿದ್ದು ಬೇರೆ ಒಬ್ಬ ಆಟೋದವನನ್ನು. "ಹಗಲೆಲ್ಲಾ ಕುಡಿತಿದ್ದಂವ್ರಿ, ಈ ತಿಂಗಳ ಒಂದೇ ದಿನ ಗುಳಗಿ ತಪ್ಪಿಸ್ಯಾನ. ಎಂಥಾ ಮನಷ್ಯಾ!" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ನಾನು ಕುಡಿಯದೇ ಇದ್ದುದೇ ತಪ್ಪಾಯಿತೇನೋ ಎಂದುಕೊಂಡೆ.

ನನ್ನ ಕೋರ್ಸು ಮುಗಿದ ತಿಂಗಳೇ ಅವರನ್ನು ದೇವದುರ್ಗದ ಕಡೆಗೆ ಹಾಕಿದರು. ಹೇಳಿ ಹೋಗಲು ಬಂದ ದಿನ ನಾನು ಅಂಗಡಿಯಲ್ಲಿರಲಿಲ್ಲ. ಶಾಂತಾ ಅವರಿಗೆ ಕುಬುಸದ ಬಟ್ಟೆ ಕೊಟ್ಟು ಕಳಿಸಿದಳಂತೆ.

ಮುಂದೆ ಅವರನ್ನು ಕಂಡದ್ದು ಒಂದೇ ಸಲ, ಹೋದ ಮಾಘದಲ್ಲಿ, ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲಿ. ದೇವದುರ್ಗದ ಬಸ್ಸು ನಿಲ್ಲುವ ಕಡೆ ಒಬ್ಬ ಐವತ್ತರ ಆಳಿನ ಪಕ್ಕ ಕೂತಿದ್ದರು. ಆ ಮನುಷ್ಯ ಶಾಲು ಹೊದ್ದು ಮುಖ ತಿರುಗಿಸಿದ್ದ. ಅವರ ಮಾತಿನಿಂದ ತಿಳಿಯಿತು, ಅವನದು ಹಳ್ಳಿಯಲ್ಲಿ ಹಿಟ್ಟಿನ ಗಿರಣಿ. ದೊಡ್ಡಾಸ್ಪತ್ರೆಯಲ್ಲಿ ತೋರಿಸಿ ಕರೆದೊಯ್ಯುತ್ತಿದ್ದರು. ಗುಳಿಗೆ ಚೀಲದಲ್ಲಿದ್ದವು, ಅವನು ತಿನ್ನಲು ತಯಾರಿರಲಿಲ್ಲ. ಗುಳಿಗೆ ತಿನ್ನುವುದನ್ನು ಒಬ್ಬರು ಕಂಡರೂ ಮುಗಿಯಿತು, ಗಿರಣಿಗೆ ಜೋಳ ಯಾರು ತರುತ್ತಾರೆ, ತಾನು ಕೆಮ್ಮಿದ ಹಿಟ್ಟು ಯಾರು ಉಣ್ಣುತ್ತಾರೆ ಎನ್ನುತ್ತಿದ್ದ. ನಾನು ಹೋಗಿ ನಮಸ್ಕಾರ ಮಾಡಿದೆ. ಸಿಸ್ಟರ ಮುಖ ಅರಳಿತು, ದಪ್ಪ ಆಗೀರಿ ಎಂದರು. ಅಷ್ಟರಲ್ಲಿ ಅವನು ಮತ್ತೆ ಶುರು ಮಾಡಿದ.

"ನಿಮಗೇನ್ ಗೊತ್ತದ್ರಿ ಮೇಡಂ. ನಾಕ್ ಮಂದಿ ಬಂದ್ರ ನಡಿಯೂ ದುಕಾನ ಇಟ್ಟವರ ಸಂಕಟ ನಿಮಗ ತಿಳಿಯಂಗಿಲ್ಲ."

ಅವರು ಒಂದು ಮಾತು ಆಡಿದ್ದರೆ ಆಗುತ್ತಿತ್ತು. ಇದೋ ಇಲ್ಲಿ ನಿಂತಿದ್ದಾರಲ್ಲ, ಇವರನ್ನು ಕೇಳು, ಎನ್ನಬಹುದಿತ್ತು. ಅವರ ಕಣ್ಣು ನನ್ನ ಕಡೆ ಒಮ್ಮೆ ಬಂತು. ಬಂದಷ್ಟೇ ಬೇಗ ಬೇರೆ ಕಡೆ ಹೋಯಿತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತರು.

ನನ್ನ ಬೆನ್ನ ಹಿಂದಿನ ಬೆಂಚಿನ ಮೇಲೆ ಮಾನ್ವಿಯ ಬಸ್ಸಿಗೆ ಕಾಯುತ್ತಿದ್ದವರಲ್ಲಿ ಒಬ್ಬ ಹೆಂಗಸು ನನ್ನ ಅಂಗಡಿಯ ಗಿರಾಕಿ. ಬರುವಾಗಲೇ ಕಂಡು ತಲೆಯಾಡಿಸಿದ್ದಳು. ಅವಳಿಗೆ ಕೇಳಿಸುತ್ತದೆ ಎಂದು ಗೊತ್ತಿತ್ತು.

"ಗಿರಣಿ ಸಾವಕಾರ್ರ," ಎಂದೆ, "ಮಾನ್ವ್ಯಾಗ ನಂದು ಮೆಡಿಕಲ್ ಶಾಪ್ ಅದ. ನನಗೂ ಇದೇ ಬಂದಿತ್ತು. ಆರು ತಿಂಗಳ ಗುಳಗಿ ತಿಂದೀನಿ, ಹ್ವಾದ ತಿಂಗಳ ಪರೀಕ್ಷಾ ಮಾಡಿಸೀನಿ, ಏನೂ ಇಲ್ಲ."

ಅವನು ಶಾಲಿನೊಳಗಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅಂಗಡಿ ನಡೆದದೇನು ಎಂದು ಕೇಳಿದ. ನಡೆದದ ಎಂದೆ. ಹಿಂದಿನ ಬೆಂಚಿನ ಮೇಲೆ ಮಾತು ನಿಂತಿತ್ತು.

ನಿಜ ಹೇಳಬೇಕೆಂದರೆ ನಾನು ಆಗ ನೋಡಿದ್ದು ಸಿಸ್ಟರ ಕಡೆಗೆ. ಇಷ್ಟು ದೊಡ್ಡ ಕೆಲಸ ಮಾಡಿದ್ದೇನೆ, ಒಂದು ಸಲ ನನ್ನತ್ತ ನೋಡಲಿ ಎಂದು. ಅವರು ನೋಡುತ್ತಿದ್ದುದು ಗಿರಣಿಯವನ ಕೈಯನ್ನು. ಆ ಕೈ ಚೀಲದೊಳಗೆ ಹೋಯಿತು, ಗುಳಿಗೆಯ ಹಾಳೆ ತೆಗೆಯಿತು, ಸ್ವಲ್ಪ ಹೊತ್ತು ತೊಡೆಯ ಮೇಲೆ ಸುಮ್ಮನಿತ್ತು, ಆಮೇಲೆ ಹಾಳೆ ಹರಿದು ಗುಳಿಗೆ ಬಿಡಿಸಿತು. ಸಿಸ್ಟರು ಬಾಟಲಿ ಮುಂದೆ ಹಿಡಿದರು. ಅವನು ನುಂಗುವ ತನಕ ಅವರೂ ಉಸಿರು ಬಿಡಲಿಲ್ಲ. ಬಸ್ಸು ಬಂತು, ಅವನ ಚೀಲ ತಾವೇ ಎತ್ತಿಕೊಂಡು, ಜನರ ನಡುವೆ ದಾರಿ ಮಾಡಿ ಅವನನ್ನು ಹತ್ತಿಸಿ, ಕಿಟಕಿಯ ಪಕ್ಕ ಕೂರಿಸಿ, ಅವನ ಕಡೆ ಬಾಗಿ ಏನೋ ಕೇಳುತ್ತಲೇ ಹೋದರು. ಬರ್ತೀನ್ರಿ ಎಂದು ನನಗೆ ಹೇಳಲು ಮರೆತರು. ಮಾನ್ವಿಯ ಬಸ್ಸು ಬರುವ ತನಕ ಆ ಗಿರಣಿಯವನ ಮೇಲೆ ನನಗೆ ಬಂದ ಹೊಟ್ಟೆಕಿಚ್ಚು ಅಷ್ಟಿಷ್ಟಲ್ಲ.

ನಮ್ಮ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಗಿರಾಕಿ ಹೆಂಗಸು ಅದನ್ನು ಕಂಡ ಮೇಲೂ ಕಂಬಿ ಹಿಡಿದು ನಿಂತೇ ಇದ್ದಳು. ಇದಕ್ಕೇ ಅಲ್ಲವೇ ಹೆದರಿದ್ದು ಎಂದುಕೊಂಡು ಕಿಟಕಿಯ ಕಡೆ ತಿರುಗಿದೆ. ರಾಯಚೂರು ದಾಟಿ ಹೊಲಗಳು ಶುರುವಾದ ಮೇಲೆ ಪಕ್ಕದಲ್ಲಿ ಸೀರೆ ಸರಿದ ಸಪ್ಪಳವಾಯಿತು. ಬಂದು ಕೂತಿದ್ದಳು. ಚೀಲ ತೊಡೆಯ ಮೇಲಿಟ್ಟುಕೊಂಡು, ಮುಂದೆ ಡ್ರೈವರನ ಕಡೆ ನೋಡುತ್ತಲೇ, ತನ್ನ ಗಂಡನಿಗೆ ಹತ್ತಿ ಬಿಡಿಸುವಾಗ ಹಿಡಿದ ಕೆಮ್ಮು ಇನ್ನೂ ಬಿಟ್ಟಿಲ್ಲ, ಗಂಟಲು ಕೂತುಬಿಟ್ಟಿದೆ, ಯಾರಿಗೂ ಹೇಳಬೇಡಿ ಎಂದಳು. ಹೇಳುವುದಿಲ್ಲ, ಆದರೆ ನಾಳೆ ಅವರನ್ನು ಕರೆದುಕೊಂಡು ಬಾ, ಆಸ್ಪತ್ರೆಗೆ ನಾನೂ ಜೊತೆಗೆ ಬರುತ್ತೇನೆ ಎಂದೆ. ಅವಳು ಮೊದಲಿನಿಂದ ಹೇಳತೊಡಗಿದಳು. ನಾನು ನಡುವೆ ಒಂದೂ ಸಿರಪ್ಪಿನ ಹೆಸರು ಹೇಳಲಿಲ್ಲ.